ಮಲಗಿದ್ದು ಕಂಡರಷ್ಟೇ ಲೆಕ್ಕ!

ಬಸ್ಸಿನಲ್ಲಿ ತೂಕಡಿಸುವವರು ಯಾವ ಊರಲ್ಲಿಲ್ಲ? ಆದರೆ ರಾತ್ರಿ ಕಳೆಯುವುದಕ್ಕೆಂದೇ ಬಸ್ಸು ಹತ್ತುವವರು ಲಂಡನ್ ನಗರದಲ್ಲಿದ್ದಾರೆ. ಅಲ್ಲಿ ಕೆಲವು ರೂಟಿನ ಡಬಲ್ ಡೆಕ್ಕರ್‌ಗಳು 24 ಗಂಟೆಯೂ ಓಡುತ್ತವೆ. ಮೇಲಂತಸ್ತಿನ ಹಿಂದಿನ ಸೀಟು, ತೊಡೆಯ ಮೇಲೆ ಚೀಲ, ಕಿಟಕಿಗೆ ಒರಗಿದ ತಲೆ. ಕೊನೇ ಸ್ಟಾಪು ಬಂದರೆ ಇಳಿಯಬೇಕು. ಇಳಿದು, ವಾಪಸು ಹೊರಟ ಬಸ್ಸಿಗೆ ಮತ್ತೆ ಹತ್ತಬೇಕು. ಬೆಳಗಾಗುವವರೆಗೂ ಇದೇ ಕತೆ. ಊರೇ ಇಲ್ಲದ ಪ್ರಯಾಣ!

ಇಂಥವರ ಸಮಾಚಾರ ಹತ್ತಿರದಿಂದ ತಿಳಿಯುವವರಲ್ಲಿ ಪರದೇಶದ ಕಾಲೇಜು ಹುಡುಗ ಹುಡುಗಿಯರೂ ಇದ್ದಾರೆ. ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಕಾಲೇಜುಗಳಿಂದ ಎಷ್ಟೋ ಮಂದಿ ಲಂಡನ್ನಿಗೆ ಬಂದಿಳಿಯುತ್ತಾರೆ. ಕಚೇರಿ, ಪತ್ರಿಕೆ, ಧರ್ಮಸಂಸ್ಥೆ ಅಂತ ಒಂದೊಂದು ಕಡೆ ಸೇರಿ ಕೆಲವು ವಾರ ಕೆಲಸ ಕಲಿಯುತ್ತಾರೆ. ಇದಕ್ಕೇ ಇಂಟರ್ನ್‌ಷಿಪ್ ಅನ್ನುವುದು. ಸಂಬಳ ಬಹಳ ಕಡೆ ಇಲ್ಲ, ಕಾಲೇಜಿನ ಅಂಕ ಉಂಟು. ಮನೆಯಿಲ್ಲದವರಿಗಾಗಿ ದುಡಿಯುವ ಸಂಸ್ಥೆಗೆ ಬಂದವರ ಮನಸ್ಸಿನಲ್ಲಿರುವ ಚಿತ್ರ ಒಂದೇ: ಕೈಯಲ್ಲಿ ಸೌಟು, ಎದುರಿಗೆ ಸಾಲು, ಬಿಸಿ ಸೂಪು. ಆದರೆ ಕೈಗೆ ಸಿಗುವುದು ಸೌಟಲ್ಲ, ಅರ್ಜಿ ಫಾರಂ!

ಈ ಸಂಸ್ಥೆಗಳು ಹುಟ್ಟಿದ್ದೇ ಒಂದು ಕತೆ. 1966ರ ನವೆಂಬರ್ 16ರಂದು ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ‘ಕ್ಯಾಥಿ ಕಮ್ ಹೋಮ್’ ಎಂಬ ನಾಟಕ ಬಂತು. ನಿರ್ದೇಶಕ ಕೆನ್ ಲೋಚ್. ಗಂಡ, ಹೆಂಡತಿ, ಮಕ್ಕಳಿರುವ ಸಾಧಾರಣ ಸಂಸಾರವೊಂದು ಮನೆ ಕಳೆದುಕೊಂಡು ಚೂರುಚೂರಾಗುವ ಕತೆ. ದೇಶಕ್ಕೆ ದೇಶವೇ ಬೆಚ್ಚಿತು. ಹದಿನೈದೇ ದಿನಕ್ಕೆ, ಡಿಸೆಂಬರ್ 1ರಂದು ‘ಶೆಲ್ಟರ್’ ಎಂಬ ಸಂಸ್ಥೆ ಆರಂಭವಾಯಿತು. 1969ರಲ್ಲಿ ‘ಸೇಂಟ್ ಮಂಗೋಸ್’ ಬಂತು. ಅದೇ ವರ್ಷ ಸೋಹೋ ಬಡಾವಣೆಯ ಚರ್ಚಿನಲ್ಲಿ ಪಾದ್ರಿ ಕೆನ್ ಲೀಚ್ ಮನೆಬಿಟ್ಟ ಹುಡುಗರಿಗೆ ರಾತ್ರಿ ತಂಗಲು ಜಾಗ ಮಾಡಿದರು. ಅದರ ಹೆಸರು ‘ಸೆಂಟರ್‌ಪಾಯಿಂಟ್’. ಅಲ್ಲೇ ಹತ್ತಿರದಲ್ಲಿ ಸೆಂಟರ್ ಪಾಯಿಂಟ್ ಅನ್ನುವ ಮೂವತ್ತಕ್ಕೂ ಹೆಚ್ಚು ಅಂತಸ್ತಿನ ಆಫೀಸು ಕಟ್ಟಡ ಎದ್ದು ನಿಂತು, ಬಾಡಿಗೆದಾರರಿಲ್ಲದೆ ವರ್ಷಗಟ್ಟಲೆ ಖಾಲಿ ಬಿದ್ದಿತ್ತು! ಕೆಳಗೆ ಫುಟ್‌ಪಾತ್ ಭರ್ತಿ, ಮೇಲೆ ಗೋಪುರ ಖಾಲಿ. ಆ ಗೋಪುರ ಈಗ ಸಿರಿವಂತರ ಫ್ಲಾಟುಗಳಾಗಿದೆ.

ಈಗ ಕೆಲಸದ ವಿಚಾರ. ಲಂಡನ್ನಿನಲ್ಲಿ ಬೀದಿಯಲ್ಲಿ ಮಲಗುವವರ ಲೆಕ್ಕಕ್ಕೆ ‘ಚೈನ್’ ಎಂಬ ದಾಖಲೆ ಇದೆ. ರಾತ್ರಿ ಹೊತ್ತು ಸಂಸ್ಥೆಯ ಕೆಲಸಗಾರರು ಗಲ್ಲಿ, ಸೇತುವೆ, ಅಂಗಡಿ ಬಾಗಿಲು ಅಂತ ಸುತ್ತುತ್ತಾರೆ. ಮಲಗಿದವರನ್ನು ಮಾತಾಡಿಸಿ ವಿವರ ಬರೆದುಕೊಳ್ಳುತ್ತಾರೆ. ‘ಇಂಥಲ್ಲಿ ಒಬ್ಬರು ಮಲಗಿದ್ದಾರೆ’ ಎಂದು ದಾರಿಹೋಕರು ತಿಳಿಸುವುದಕ್ಕೆ ‘ಸ್ಟ್ರೀಟ್‌ಲಿಂಕ್’ ಎಂಬ ವ್ಯವಸ್ಥೆಯೂ ಉಂಟು. 2015-16ರಲ್ಲಿ ಹೀಗೆ ಸಿಕ್ಕವರು 8,096 ಮಂದಿ. 2024-25ರಲ್ಲಿ 13,231. ಅಂಕಿ ಏರಿದ್ದು ನೋಡಿ!

ಆದರೆ ಇಲ್ಲೇ ಇರುವುದು ತಮಾಷೆ. ತಮಾಷೆಯಲ್ಲ, ಸಂಕಟ. ಲೆಕ್ಕಕ್ಕೆ ಬರಬೇಕಾದರೆ ಆ ಮನುಷ್ಯ ಮಲಗಿದ್ದು ಕೆಲಸಗಾರರ ಕಣ್ಣಿಗೆ ಬೀಳಬೇಕು. ಬೀದಿಯವರಿಗೆಂದು ಇರುವ ಎಷ್ಟೋ ಸಹಾಯ ಆ ಲೆಕ್ಕದ ಮೇಲೇ ನಿಂತಿದೆ. ಬಸ್ಸಿನಲ್ಲಿ ಕೂತು ರಾತ್ರಿ ದೂಡುವವರು ಫುಟ್‌ಪಾತ್ ಮೇಲೆ ಬೀಳುವ ಟಾರ್ಚಿಗೆ ಸಿಗುವುದೆಲ್ಲಿಂದ? ಅದರಲ್ಲೂ ಹೆಂಗಸರು. ಕತ್ತಲಲ್ಲಿ ಒಂಟಿ ಹೆಂಗಸು ಬೀದಿಯಲ್ಲಿ ಕಾಲು ಚಾಚುವುದು ಅಂದರೆ ಅಪಾಯಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗೆ. ಅದಕ್ಕೇ ಅವರು ಬಸ್ಸು ಹತ್ತುತ್ತಾರೆ, ಆಸ್ಪತ್ರೆಯ ಬೆಂಚಿನಲ್ಲಿ ರೋಗಿಯ ಹಾಗೆ ಕೂರುತ್ತಾರೆ, ಇಲ್ಲವೆ ಬೆಳತನಕ ನಡೆಯುತ್ತಲೇ ಇರುತ್ತಾರೆ. ಬುದ್ಧಿವಂತಿಕೆಯಿಂದ ಪ್ರಾಣ ಮಾನ ಕಾಪಾಡಿಕೊಂಡಿದ್ದಕ್ಕೆ ಶಿಕ್ಷೆ ಏನು? ಪಟ್ಟಿಯಲ್ಲಿ ಹೆಸರಿಲ್ಲ!

ಈ ತಪ್ಪು ಲೆಕ್ಕ ಸರಿಮಾಡಬೇಕೆಂದು 2022ರಲ್ಲಿ ಕೆಲವು ಸಂಸ್ಥೆಗಳು ಸೇರಿ ಲಂಡನ್ನಿನಲ್ಲಿ ಹೆಂಗಸರದ್ದೇ ಪ್ರತ್ಯೇಕ ಗಣತಿ ನಡೆಸಿದವು. ರಾತ್ರಿ ಟಾರ್ಚು ಹಾಕಿ ಎಣಿಸಲಿಲ್ಲ. ‘ತಾಯೀ, ರಾತ್ರಿ ಎಲ್ಲಿ ಕಳೆದಿರಿ?’ ಎಂದು ಕೇಳಿದರು ಅಷ್ಟೆ. ಬಸ್ಸು, ಆಸ್ಪತ್ರೆ ಎಂಬ ಉತ್ತರ ಹೊರಬಂತು. ಕೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತೆ ಎಂದರೆ ಏನು ಹೇಳೋದು! ಈಗ ರಾತ್ರಿ ಬಸ್ಸುಗಳನ್ನು ಹತ್ತಿ ಮಾತಾಡಿಸುವ ಕೆಲಸಗಾರರೂ ಇದ್ದಾರೆ.

ಹಗಲು ಹೊತ್ತು ವಿದ್ಯಾರ್ಥಿಗೆ ಸಿಗುವ ಕೆಲಸ ವಿಳಾಸದ ಗಂಟು ಬಿಡಿಸುವುದು. ವಿಳಾಸವಿಲ್ಲದೆ ಬ್ಯಾಂಕ್ ಖಾತೆ ಕಷ್ಟ. ಖಾತೆ ಇಲ್ಲದೆ ಸಂಬಳ ಬರುವುದು ಕಷ್ಟ. ಸಂಬಳವಿಲ್ಲದೆ ಮನೆ ಯಾರು ಕೊಡುತ್ತಾರೆ? ಮನೆ ಇಲ್ಲದಿದ್ದರೆ ವಿಳಾಸವಿಲ್ಲ. ಗಾಣದ ಎತ್ತು ಸುತ್ತಿದ ಹಾಗೆ ಸುತ್ತಬೇಕು. 2019ರ ಕೊನೆಯಲ್ಲಿ ಎಚ್.ಎಸ್.ಬಿ.ಸಿ. ಬ್ಯಾಂಕು ಶೆಲ್ಟರ್ ಸಂಸ್ಥೆಯ ಜೊತೆ ಸೇರಿ ವಿಳಾಸವಿಲ್ಲದವರಿಗೂ ಖಾತೆ ತೆರೆಯಲು ಶುರು ಮಾಡಿತು. ಡಾಕ್ಟರ ಹತ್ತಿರ ಹೆಸರು ಬರೆಸಲು ಅಲ್ಲಿ ವಿಳಾಸ ಬೇಡವೇ ಬೇಡ. ಆದರೆ ಕಾನೂನಿನಲ್ಲಿ ಬೇಡ ಎಂದಿದ್ದರೂ ಕೌಂಟರಿನಲ್ಲಿ ಕೇಳುವವರು ಇರುತ್ತಾರಲ್ಲ! ಫೋನು ಮಾಡಿ ರೂಲು ಓದಿ ಹೇಳುವುದು ಇಂಥ ಸಂಸ್ಥೆಗಳ ದಿನನಿತ್ಯದ ಕೆಲಸ.

ವ್ಯಾಪಾರಸ್ಥರು ಒಪ್ಪುವ ಮಾತೊಂದು ಇಲ್ಲಿದೆ. 1991ರಲ್ಲಿ ಜಾನ್ ಬರ್ಡ್ ಮತ್ತು ಗಾರ್ಡನ್ ರಾಡಿಕ್ ‘ದಿ ಬಿಗ್ ಇಶ್ಯೂ’ ಪತ್ರಿಕೆ ತೆಗೆದರು. ಮಾರುವವರು ಮನೆಯಿಲ್ಲದವರು. ಕೈಯಿಂದ ದುಡ್ಡು ಹಾಕಿ ಅರ್ಧ ಬೆಲೆಗೆ ಕೊಳ್ಳಬೇಕು, ಪೂರ್ತಿ ಬೆಲೆಗೆ ಮಾರಬೇಕು, ಉಳಿದದ್ದು ಅವರದೇ ಲಾಭ. ಭಿಕ್ಷೆಯಲ್ಲ ಸ್ವಾಮಿ, ಚಿಲ್ಲರೆ ವ್ಯಾಪಾರ! ಬರ್ಡ್ ಕೂಡ ಹುಡುಗನಾಗಿದ್ದಾಗ ಮನೆಯಿಲ್ಲದೆ ಅಲೆದವರೇ. 2015ರಲ್ಲಿ ಅವರು ಹೌಸ್ ಆಫ್ ಲಾರ್ಡ್ಸ್ ಸದಸ್ಯರಾದರು.

ರಾಜಕುಮಾರ ವಿಲಿಯಂ ಸೆಂಟರ್‌ಪಾಯಿಂಟ್‌ನ ಪೋಷಕರಾಗಿ 2009ರ ಡಿಸೆಂಬರಿನಲ್ಲಿ ಒಂದು ರಾತ್ರಿ ಥೇಮ್ಸ್ ನದಿ ಬಳಿ ಬೀದಿಯಲ್ಲಿ ಮಲಗಿದ್ದರು. ಕೊರೆಯುವ ಚಳಿ. ಫೋಟೋ ಬಂತು, ಹೆಸರೂ ಬಂತು. ಬೀದಿಯಲ್ಲಿ ಮಲಗುವುದನ್ನೇ ಅಪರಾಧ ಮಾಡಿದ 1824ರ ಕಾಯಿದೆ ಮಾತ್ರ ಆಗಲೂ ಹಾಗೇ ಇತ್ತು. ಅದನ್ನು ರದ್ದುಪಡಿಸಲು 2022ರಲ್ಲಿ ಪಾರ್ಲಿಮೆಂಟು ಒಪ್ಪಿತು, ಜಾರಿ ಮಾಡುವುದು ಮುಂದಕ್ಕೆ ಹೋಯಿತು. 2026ರ ವಸಂತದೊಳಗೆ ತೆಗೆಯುತ್ತೇವೆ ಎಂದು ಸರ್ಕಾರ ಮತ್ತೆ ಹೇಳಿದ್ದು 2025ರ ಜೂನ್‌ನಲ್ಲಿ.

ಇದರಲ್ಲಿ ನಮ್ಮ ಹುಡುಗರದೂ ಒಂದು ಪಾಲಿದೆ. ಕರ್ನಾಟಕದಿಂದ ಓದಲು ಹೋಗುವವರ ವೀಸಾದಲ್ಲಿ ಸರ್ಕಾರದ ಹಣಸಹಾಯ ಕೇಳುವಂತಿಲ್ಲ ಎಂಬ ಷರತ್ತಿರುತ್ತದೆ. ರೂಮು ಕಳೆದುಕೊಂಡರೆ ಅಲ್ಲಿನ ಕೌನ್ಸಿಲ್ಲಿನ ಮನೆಗೆ ಅರ್ಜಿ ಹಾಕಲಾಗದು. ಮನೆಮಾಲೀಕ ಬಾಡಿಗೆಗೆ ಕೊಡುವ ಮುಂಚೆ ವೀಸಾ ನೋಡಲೇಬೇಕು, ಎಷ್ಟೋ ಮಂದಿ ಅಲ್ಲಿಯವರ ಜಾಮೀನೂ ಕೇಳುತ್ತಾರೆ. ಅಡ್ವಾನ್ಸಿನಲ್ಲಿ ಮಾತ್ರ ಬೆಂಗಳೂರಿಗಿಂತ ವಾಸಿ: 2019ರ ಕಾಯಿದೆ ಪ್ರಕಾರ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಇಸಿದುಕೊಳ್ಳುವ ಹಾಗಿಲ್ಲ. ಮಗನನ್ನೋ ಮಗಳನ್ನೋ ಕಳಿಸುವ ಅಪ್ಪಂದಿರು ಫೀಸಿನ ಜೊತೆಗೆ ಇದನ್ನೂ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ರಜೆಗೆ ಬಂದ ವಿದ್ಯಾರ್ಥಿ ಆಗಸ್ಟಿನೊಳಗೆ ಹೊರಡಬೇಕು. ವಾರಗಟ್ಟಲೆ ಕಾದು ಬಾಯಿ ಬಿಟ್ಟವರು ‘ನಾಳೆ ನೀನೇ ಬರುತ್ತೀಯಾ?’ ಎಂದರೆ ಏನು ಹೇಳಬೇಕು? ಅದಕ್ಕೇ ತಿಳಿದ ಹಿರಿಯರು ಹೊಸಬರಿಗೆ ಮೊದಲ ದಿನವೇ ತಾಕೀತು ಮಾಡುವುದು: ಇರುವುದು ಇಷ್ಟೇ ವಾರ ಎಂದು ಎದುರಿಗಿದ್ದವರಿಗೆ ಮುಂಚೆಯೇ ತಿಳಿಸಬೇಕು, ಮಾಡಿದ ಫೋನು, ಬರೆದ ಅರ್ಜಿ, ಬಾಕಿ ಉತ್ತರ ಎಲ್ಲ ಫೈಲಿಗೆ ಸೇರಿಸಬೇಕು. ಮುಂದಿನ ಸೋಮವಾರ ಆ ಕುರ್ಚಿಯಲ್ಲಿ ಕೂರುವವರು ಬೇರೆ.