ಕೋಟಿ ಡಿಗ್ರಿಯ ಕಾವನ್ನು ಅಳೆಯುವುದು ಹೇಗೆ?

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅಲ್ಲಿಯ ಬಿಸಿಲನ್ನು ಅಳೆಯಲು ಸಾಮಾನ್ಯ ತಾಪಮಾಪಕ ಸಾಕು. ಕೋಟಿ ಡಿಗ್ರಿಯ ಕಾವನ್ನು ಅಳೆಯಬೇಕಾದರೆ?

ಹೈಡ್ರೊಜನ್ ಬೀಜಗಳನ್ನು ಬೆಸೆದು ಶಕ್ತಿ ಪಡೆಯಲು ಇಷ್ಟು ಕಾವು ಬೇಕೇ ಬೇಕು. ಆಗ ಅನಿಲವು ಇಲೆಕ್ಟ್ರಾನು, ಅಯಾನುಗಳಾಗಿ ಒಡೆದು ಪ್ಲಾಸ್ಮಾ ಆಗುತ್ತದೆ. ಕುರುಗೋಡಿನ ವೆಲ್ಡಿಂಗ್ ಅಂಗಡಿಯಲ್ಲಿ ಹೊಳೆಯುವ ಚಾಪವೂ ಪ್ಲಾಸ್ಮಾವೇ, ಆದರೆ ಅದರ ಕಾವು ಸಾವಿರಗಳ ಲೆಕ್ಕದ್ದು. (ಅದನ್ನು ಬರಿಗಣ್ಣಿನಿಂದ ನೋಡಬೇಡಿ.) ಕೋಟಿ ಡಿಗ್ರಿಯ ಪ್ಲಾಸ್ಮಾವನ್ನು ಟೋಕಮಾಕ್ ಎಂಬ ಬಳೆಯಾಕಾರದ ಯಂತ್ರದಲ್ಲಿ ಕಾಂತಕ್ಷೇತ್ರದಿಂದ ಹಿಡಿದಿಡುತ್ತಾರೆ. ಭಾರತದಲ್ಲೇ ನಿರ್ಮಿಸಿದ ಮೊದಲ ಟೋಕಮಾಕ್ 'ಆದಿತ್ಯ' 1989ರಲ್ಲಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಆರಂಭಿಸಿತು. 2016ರಲ್ಲಿ ಅದು 'ಆದಿತ್ಯ-ಯು' ಆಗಿ ಮರುರೂಪ ಪಡೆಯಿತು.

ಇದರೊಳಗೆ ಯಾವ ತಾಪಮಾಪಕವನ್ನಿಟ್ಟರೂ ಅದು ಉಳಿಯದು, ಪ್ಲಾಸ್ಮಾವೂ ಕೆಡುತ್ತದೆ. ಕಿಟಕಿಯಿಂದ ಹೊರಬರುವ ಬೆಳಕೇ ನಮಗೆ ಸಾಕ್ಷಿ. ಸಿರುಗುಪ್ಪದ ಕಡೆಯಿಂದ ಭತ್ತದ ಲಾರಿಯೊಂದು ಹಾರನ್ ಹೊಡೆಯುತ್ತ ಬರುತ್ತಿದೆ ಎನ್ನಿ. ಅದು ಹತ್ತಿರವಾಗುವಾಗ ಹಾರನ್ನಿನ ಸ್ವರ ಏರಿರುತ್ತದೆ, ದಾಟಿಹೋದ ಮೇಲೆ ಇಳಿಯುತ್ತದೆ. ಇದೇ ಡಾಪ್ಲರ್ ಪರಿಣಾಮ. ಒಂದೇ ಸ್ವರದ ಹಾರನ್ನಿನ ನೂರಾರು ಲಾರಿಗಳು ನಾನಾ ವೇಗದಲ್ಲಿ ಬರುತ್ತ ಹೋಗುತ್ತ ಇದ್ದರೆ? ಆ ಸ್ವರ ಎರಡೂ ಬದಿಗೆ ಹರಡಿಕೊಳ್ಳುತ್ತದೆ. ಪ್ಲಾಸ್ಮಾದಲ್ಲಿ ಅಯಾನುಗಳೇ ಲಾರಿಗಳು. ಕಾವು ಏರಿದಷ್ಟೂ ವೇಗ ಹೆಚ್ಚು, ರೋಹಿತದ ಗೆರೆಯೂ ಅಷ್ಟು ಅಗಲ. ಇಂಗಾಲದ ಅಯಾನಿನ ಹಸಿರು ಗೆರೆಯೊಂದರ ತರಂಗದೂರ 529 ನ್ಯಾನೋಮೀಟರ್. ಸುಮಾರು 1.16 ಕೋಟಿ ಡಿಗ್ರಿಯಲ್ಲಿ ಅದರ ಅಗಲ 0.37 ನ್ಯಾನೋಮೀಟರಿನಷ್ಟಾಗುತ್ತದೆ. ಕಾವು ನಾಲ್ಕು ಪಟ್ಟಾದರೆ ಅಗಲ ಎರಡು ಪಟ್ಟು.

ಇಲ್ಲೊಂದು ತೊಡಕಿದೆ. ಒಳಭಾಗದ ಇಂಗಾಲ ತನ್ನ ಆರೂ ಇಲೆಕ್ಟ್ರಾನುಗಳನ್ನು ಕಳೆದುಕೊಂಡಿರುವುದರಿಂದ ಈ ಗೆರೆಯನ್ನು ಸೂಸಲಾರದು. ಅದಕ್ಕಾಗಿ ಹೈಡ್ರೊಜನ್ ಪರಮಾಣುಗಳ ದೂಲವನ್ನು ಒಳಗೆ ಹಾಯಿಸುತ್ತಾರೆ. ಇಂಗಾಲದ ಬೀಜವು ಅದರಿಂದ ಒಂದು ಇಲೆಕ್ಟ್ರಾನನ್ನು ಕಸಿದುಕೊಂಡು ಹಸಿರು ಬೆಳಕನ್ನು ಸೂಸುತ್ತದೆ. ದೂಲವನ್ನೂ ನಮ್ಮ ದೃಷ್ಟಿರೇಖೆಯನ್ನೂ ಅಡ್ಡ ಹಾಯಿಸಿದರೆ ಬೆಳಕು ಬಂದ ಜಾಗವೂ ತಿಳಿಯುತ್ತದೆ. ಜಾಣತನದ ಉಪಾಯ!

ಇದನ್ನು ಬೇಗ ಅಳೆಯಬೇಕು, ಏಕೆಂದರೆ ಪ್ಲಾಸ್ಮಾದ ಅಂಚು ಆಗಾಗ ಸಿಡಿದು ಗೋಡೆಯತ್ತ ಶಾಖವನ್ನು ಎರಚುತ್ತದೆ. ಒಂದೊಂದು ಸಿಡಿತ ಮುಗಿಯುವುದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ. ಭಾರತವೂ ಪಾಲುದಾರನಾಗಿರುವ, ಫ್ರಾನ್ಸಿನಲ್ಲಿ ಕಟ್ಟುತ್ತಿರುವ 'ಇಟರ್' ಯಂತ್ರದಲ್ಲಿ ದೊಡ್ಡ ಸಿಡಿತಗಳು ಗೋಡೆಯ ಲೋಹವನ್ನೇ ಸವೆಸಬಲ್ಲವು. ಜರ್ಮನಿಯ ಗಾರ್ಚಿಂಗ್‌ನ 'ಆಸ್ಡೆಕ್ಸ್ ಅಪ್‌ಗ್ರೇಡ್' ಟೋಕಮಾಕ್‌ನ ಉಪಕರಣ 10 ಮೈಕ್ರೋಸೆಕೆಂಡಿಗೊಮ್ಮೆ ರೋಹಿತವನ್ನು ಹಿಡಿಯಬಲ್ಲದು.

ವೇಗಕ್ಕೆ ಬೆಲೆಯೂ ಉಂಟು. ಕಾಲಾವಧಿ ನೂರನೇ ಒಂದಕ್ಕೆ ಇಳಿದರೆ ಸಿಗುವ ಫೋಟಾನುಗಳೂ ನೂರನೇ ಒಂದು. ಅಳತೆಯ ಅನಿಶ್ಚಿತತೆ ಹತ್ತು ಪಟ್ಟು. ಆದ್ದರಿಂದ ದೊಡ್ಡ ಮಸೂರ, ಬೆಳಕಿನ ಎಳೆಗಳ ಕಂತೆ, ಬೆಳಕನ್ನು ಪೋಲು ಮಾಡದ ಗ್ರೇಟಿಂಗ್ ಬೇಕಾಗುತ್ತವೆ. ಅಷ್ಟಾದರೂ ಸಾಲದಾದಾಗ ಹಲವು ಸಿಡಿತಗಳ ದಾಖಲೆಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುತ್ತಾರೆ. ಒಂದು ಸಿಡಿತ ಇನ್ನೊಂದರಂತೆ ಇರುವುದಿಲ್ಲವಾದ್ದರಿಂದ, ಆ ಸರಾಸರಿಯಲ್ಲಿ ಅವುಗಳ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ.