ಸಹಿಯಿಲ್ಲದ ಡಿವಿಜಿ

ಎನ್. ಬೇಗೂರಿನ ಹಳೆಯ ಮನೆಯೊಂದರ ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆಯಲ್ಲಿ, ಜಮೀನಿನ ಪತ್ರ ಮತ್ತು ಪಂಚಾಂಗಗಳ ನಡುವೆ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಒಂದು ತುಂಡು ಸಿಕ್ಕಿತು. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಇಡೀ ಭಾರತದ ಆಡಳಿತದಲ್ಲಿ ಏನು ಸ್ಥಾನ ಎಂದು ಕೇಳುವ ಬರಹ. ಪತ್ರಿಕೆಯ ಹೆಸರಿಲ್ಲ, ತಾರೀಖಿಲ್ಲ, ಕೊನೆಯಲ್ಲಿ ಸಹಿಯೂ ಇಲ್ಲ. ಮನೆಯ ಹಿರಿಯರಿಗೆ ಮಾತ್ರ ಸಂಶಯವೇ ಇರಲಿಲ್ಲ. ‘ಇದು ಗುಂಡಪ್ಪನವರದು, ನಮ್ಮಜ್ಜ ಹೇಳ್ತಿದ್ರು’ ಎಂದರು. ಮಂಕುತಿಮ್ಮನ ಕಗ್ಗದ ಗುಂಡಪ್ಪನವರು! ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೇ ಹೆಸರು ಕೊಟ್ಟಿರುವ ಈ ಕಾಡಂಚಿನ ಊರಿಗೆ ಅವರ ಸಂಪಾದಕೀಯ ಬಂದು ತಲುಪಿತ್ತೇ ಎಂದು ನೆನೆದಾಗಿನ ಪುಳಕ ಇನ್ನೂ ಇಳಿದಿಲ್ಲ.

ಡಿ.ವಿ. ಗುಂಡಪ್ಪ ಕವಿಯಾಗಿ ಹೆಸರಾಗುವ ಮೊದಲೇ ಪತ್ರಕರ್ತರಾಗಿದ್ದವರು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿ, ಮೆಟ್ರಿಕ್ ದಾಟದೆ ಬೆಂಗಳೂರಿಗೆ ಬಂದು, ಪತ್ರಿಕೆಗಳಲ್ಲಿ ದುಡಿದು, 1913ರಲ್ಲಿ ‘ಕರ್ಣಾಟಕ’ ಎಂಬ ಸ್ವಂತ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು. ಕಗ್ಗ ಬಂದದ್ದು ಅದಾಗಿ 30 ವರ್ಷಕ್ಕೆ. ನಡುವೆ ಬರೆದ ರಾಜಕೀಯ ಬರಹಗಳಲ್ಲಿ ಎಷ್ಟೋ ಸಂಪಾದಕೀಯದ ‘ನಾವು’ ಎಂಬ ಮರೆಯಲ್ಲೇ ಉಳಿದವು.

ಮತ್ತೆ ಆ ತುಂಡಿಗೆ ಬರುತ್ತೇನೆ. ಅದರ ಮುಂಬದಿಗಿಂತ ಬೆನ್ನೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಕತ್ತರಿ ಅಡ್ಡ ಹಾಯ್ದು ಅರ್ಧರ್ಧ ಉಳಿದ ಸಾಲುಗಳಲ್ಲಿ ಯುದ್ಧದ ಸುದ್ದಿ, ಅದರಲ್ಲಿ ‘ಎಮ್ಡೆನ್’ ಎಂಬ ಹೆಸರು. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ ಬೆಂಕಿಯಿಟ್ಟ ಜರ್ಮನ್ ಹಡಗು ಅದು. ಆಸ್ಟ್ರೇಲಿಯಾದ ‘ಸಿಡ್ನಿ’ ನೌಕೆ ಅದನ್ನು ಕೊಕೊಸ್ ದ್ವೀಪಗಳ ಬಳಿ ಹೊಡೆದು ಕೆಡವಿದ್ದು ಅದೇ ವರ್ಷ ನವೆಂಬರ್ 9ರಂದು. ತುಂಡಿನ ಸುದ್ದಿಯಲ್ಲಿ ಹಡಗು ಇನ್ನೂ ಸಮುದ್ರದಲ್ಲಿ ತಿರುಗುತ್ತಿದೆ. ಹಾಗಾದರೆ ಹಾಳೆ ಅಚ್ಚಾದದ್ದು ಹೆಚ್ಚುಕಡಿಮೆ ಈ ಏಳು ವಾರಗಳ ಒಳಗೆ, ತಡವಾಗಿ ತಲುಪಿದ ಸುದ್ದಿ ಎಂದು ಲೆಕ್ಕ ಹಾಕಿದರೆ ಕೆಲವು ದಿನ ಈಚೆಗೆ. ಇಪ್ಪತ್ತರ ಹರೆಯದಲ್ಲಿದ್ದ ಗುಂಡಪ್ಪ ಆಗ ‘ಕರ್ಣಾಟಕ’ದ ಸಂಪಾದಕರು. ಎಲ್ಲೋ ಹಿಂದೂ ಮಹಾಸಾಗರದಲ್ಲಿ ನಾಶವಾದ ಹಡಗು ಹೆಗ್ಗಡದೇವನಕೋಟೆ ಸೀಮೆಯ ಪೆಟ್ಟಿಗೆಯೊಳಗಿನ ಕಾಗದಕ್ಕೆ ತಾರೀಖು ಕೊಟ್ಟಿತ್ತು.

ಆದರೆ ತಾರೀಖು ಸಿಕ್ಕಿದರೆ ಲೇಖಕ ಸಿಕ್ಕಂತಲ್ಲ. ಸಂಸ್ಥಾನದ ಪ್ರಜೆಗಳ ಪ್ರಶ್ನೆ ಡಿವಿಜಿಯವರಿಗೆ ಜೀವದಷ್ಟು ಹತ್ತಿರದ್ದು ಎಂಬುದು ನಿಜ. 1931ರಲ್ಲಿ ಅದರ ಬಗ್ಗೆ ತಮ್ಮದೇ ಹೆಸರಿನಲ್ಲಿ ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು. 1927ರಿಂದ 1940ರವರೆಗೆ ಮೈಸೂರು ಶಾಸನ ಪರಿಷತ್ತಿನಲ್ಲಿ ಕೂತಿದ್ದರು. ಆದರೆ ಅದೇ ಚಿಂತೆ ಮೈಸೂರಿನ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯರಿಗೂ ಇತ್ತು. 1908ರ ಪತ್ರಿಕಾ ಕಾನೂನು ಮೈಸೂರಿನ ಸಂಪಾದಕರಿಗೆಲ್ಲ ಅಂಕುಶವಾಗಿದ್ದ ಕಾಲ ಅದು; ಸಹಿ ಹಾಕದಿರಲು ಅವರಲ್ಲಿ ಯಾರಿಗೂ ಕಾರಣವಿತ್ತು.

ಈಗ ಕಂಪ್ಯೂಟರಿಗೆ ಕೊಟ್ಟರೆ ಶೈಲಿ ನೋಡಿ ಹೇಳುತ್ತದಲ್ಲ ಎನ್ನುವವರಿದ್ದಾರೆ. ಅಮೆರಿಕದ ಸಂವಿಧಾನದ ಪರವಾಗಿ ಗುಪ್ತನಾಮದಲ್ಲಿ ಬಂದ ‘ಫೆಡರಲಿಸ್ಟ್’ ಪ್ರಬಂಧಗಳು 85. ಅವುಗಳಲ್ಲಿ ವಿವಾದದಲ್ಲಿದ್ದ 12ನ್ನು ಸಣ್ಣಪುಟ್ಟ ಪದಗಳ ಬಳಕೆ ಎಣಿಸಿ ಮ್ಯಾಡಿಸನ್ನರವೇ ಎಂದು 1964ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಮಾಸ್ಟೆಲರ್ ಮತ್ತು ವ್ಯಾಲೆಸ್ ತೋರಿಸಿಕೊಟ್ಟರು. ಅಲ್ಲಿ ಶಂಕಿತರು ಇಬ್ಬರೇ, ಇಬ್ಬರವೂ ಎಂದು ಖಚಿತವಾಗಿ ಗೊತ್ತಿದ್ದ ಬರಹಗಳು ಬೇಕಾದಷ್ಟಿದ್ದವು. ಪತ್ರಿಕಾ ಕಚೇರಿಯ ಕಥೆ ಬೇರೆ: ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಮೊಳೆ ಜೋಡಿಸುವವರು ಜಾಗಕ್ಕೆ ತಕ್ಕಂತೆ ಮೊಟಕು ಮಾಡುತ್ತಾರೆ. ಒಂದೇ ತುಂಡನ್ನು ನಂಬಿ ಯಂತ್ರ ಕೊಡುವ ಉತ್ತರವನ್ನು ನಾನು ನಂಬಲಾರೆ.

ಸಂಭಾವನೆಯ ಲೆಕ್ಕಪುಸ್ತಕ ಸಿಕ್ಕರೆ ಬೇರೆ ದೇಶಗಳಲ್ಲಿ ಅದೇ ದೊಡ್ಡ ಸಾಕ್ಷಿ. ಡಿವಿಜಿಯವರ ವಿಷಯದಲ್ಲಿ ಆ ದಾರಿಯೂ ಸುಲಭದ್ದಲ್ಲ. ಸರ್ಕಾರಕ್ಕಾಗಿ ಮಾಡಿದ ಕೆಲಸಕ್ಕೆ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸದೆ ಹಾಗೇ ಇಟ್ಟುಬಿಟ್ಟಿದ್ದರೆಂದು ಅವರನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ. ‘ವನಸುಮ’ದಲ್ಲಿ ಯಾರ ಕಣ್ಣಿಗೂ ಬೀಳದೆ ಅರಳುವ ಕಾಡುಹೂವಿನ ಬಾಳನ್ನು ಬೇಡಿಕೊಂಡ ಕವಿ ಅವರು. ಕಗ್ಗದ 945 ಪದ್ಯಗಳನ್ನೂ ಮಂಕುತಿಮ್ಮನ ಬಾಯಲ್ಲೇ ಹೇಳಿಸಿದರು. ಹೆಸರನ್ನು ಹಿಂದೆ ಸರಿಸುವುದು ಅವರಿಗೆ ವ್ರತವೇ ಆಗಿತ್ತೆಂದು ನನ್ನ ನಂಬಿಕೆ.

ಹಾಗೆಂದು ಚೆನ್ನಾಗಿರುವ ಅನಾಮಿಕ ಬರಹಗಳನ್ನೆಲ್ಲ ಅವರ ಖಾತೆಗೆ ಬರೆಯಬಾರದು. ಅದರಿಂದ ಅದೇ ಕಾಲದಲ್ಲಿ ಬೆವರು ಸುರಿಸಿದ, ಯಾರೂ ನೆನೆಯದ ಉಪಸಂಪಾದಕರಿಗೆ ಅನ್ಯಾಯವಾಗುತ್ತದೆ. ಪತ್ರಿಕೆಯ ಮೂಲ ಸಂಚಿಕೆ, ಕಾಗದ ಪತ್ರ, ಸಮಕಾಲೀನರ ನೆನಪು, ಮುಂದೆ ಸಹಿ ಹಾಕಿ ಬರೆದ ಪುಸ್ತಕದಲ್ಲಿ ಮರುಕಳಿಸುವ ವಾದ, ಇವುಗಳಲ್ಲಿ ಕನಿಷ್ಠ ಎರಡು ಕೂಡಿಬರುವವರೆಗೆ ಕಾಯಬೇಕು. ಬೇಗೂರಿನ ತುಂಡಿಗೆ ಇಂದಿಗೆ ಒಂದು ಮನೆಯ ನೆನಪಿನ ಸಾಕ್ಷಿ ಮಾತ್ರ ಇದೆ. ಡಿವಿಜಿಯವರದೇ ಇರಬೇಕೆಂದು ನನ್ನ ಮನಸ್ಸು ಹಂಬಲಿಸುತ್ತದೆ, ಆದರೂ ಅದರ ಕೆಳಗೆ ಅವರ ಹೆಸರು ಬರೆಯಲಾರೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮನೆಗಳಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಬೇಕಾದ ಲೇಖನವನ್ನಷ್ಟೇ ಕತ್ತರಿಸಿಡಲೂ ಬೇಡಿ. ಇಡೀ ಹಾಳೆಯನ್ನು, ಪತ್ರಿಕೆಯ ಹೆಸರು ಮತ್ತು ತಾರೀಖು ಇರುವ ತಲೆಬರಹದ ಸಮೇತ, ಎರಡೂ ಬದಿ ಫೋಟೋ ತೆಗೆದು ಹತ್ತಿರದ ಗ್ರಂಥಾಲಯಕ್ಕೋ ಕಾಲೇಜಿಗೋ ತಲುಪಿಸಿ.