ದುಡಿಮೆಯ ಲ್ಯಾಪ್‌ಟಾಪ್‌: ಕೊಳ್ಳುವ ಮೊದಲೇ ರಿಪೇರಿಯ ಮಾತು

ತಿರುವನಂತಪುರದಲ್ಲಿ ಟೆಕ್ನೋಪಾರ್ಕ್ ಹುಟ್ಟಿದ್ದು 1990ರಲ್ಲಿ, ಕೊಚ್ಚಿಯ ಕಾಕ್ಕನಾಡಿನಲ್ಲಿ ಇನ್ಫೋಪಾರ್ಕ್ ಬಂದದ್ದು 2004ರಲ್ಲಿ. ಈ ಐ.ಟಿ. ಪಾರ್ಕುಗಳ ದೊಡ್ಡ ಕಂಪನಿಗಳಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟರೆ ನೋಡಿಕೊಳ್ಳಲು ಐ.ಟಿ. ವಿಭಾಗವಿದೆ, ಬದಲಿ ಯಂತ್ರವಿದೆ. ಅದೇ ನಗರಗಳ ತೆರಿಗೆ ಸಲಹೆಗಾರರಿಗೆ, ರಫ್ತು ವ್ಯಾಪಾರದ ಸಣ್ಣ ಕಚೇರಿಗಳಿಗೆ, ಇಬ್ಬರು ಮೂವರು ಸೇರಿ ಕಟ್ಟಿದ ಸ್ಟಾರ್ಟಪ್‌ಗಳಿಗೆ ಆ ಆಸರೆಯಿಲ್ಲ. ಯಂತ್ರ ನಿಂತ ದಿನ ಅವರ ಸಂಪಾದನೆಯೂ ನಿಲ್ಲುತ್ತದೆ. ಆದರೂ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಬೆಲೆಯಲ್ಲಿ ಎಷ್ಟು ಬಿಡುತ್ತೀರಿ ಎಂದೇ. ಕೆಟ್ಟರೆ ಯಾರು, ಎಲ್ಲಿ, ಎಷ್ಟು ದಿನದೊಳಗೆ ಸರಿಮಾಡಿಕೊಡುತ್ತಾರೆ ಎಂಬ ಪ್ರಶ್ನೆ ಬಿಲ್ಲು ಬರೆಸುವ ಮೊದಲೇ ಬರಬೇಕು. ದುಡಿಮೆಯ ಲ್ಯಾಪ್‌ಟಾಪ್‌ನ ನಿಜವಾದ ಬೆಲೆ ಗೊತ್ತಾಗುವುದು ಆ ಪ್ರಶ್ನೆಯ ಉತ್ತರದಿಂದ.

ಇದಕ್ಕೆ ಪುರಾವೆ ಕೇರಳದ ಶಾಲೆಗಳಲ್ಲೇ ಇದೆ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ, ತಿರುವನಂತಪುರದ ಸರ್ಕಾರಿ ಸಂಸ್ಥೆ ಕೈಟ್ 2018ರಲ್ಲಿ 45,000 ತರಗತಿಗಳನ್ನು ಹೈಟೆಕ್ ಮಾಡುವ ಯೋಜನೆ ಕೈಗೆತ್ತಿಕೊಂಡಾಗ ಲ್ಯಾಪ್‌ಟಾಪ್‌ಗಳಿಗೆ ಐದು ವರ್ಷದ ವಾರಂಟಿಯನ್ನು ಖರೀದಿಯ ಷರತ್ತಾಗಿಯೇ ಇಟ್ಟಿತು. ದೂರು ಕೊಡಲು ಕಾಲ್ ಸೆಂಟರ್ ಮತ್ತು ಪೋರ್ಟಲ್, ಸರಿಪಡಿಸಲು ಗಡುವು, ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ದಂಡ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯೊಳಗೇ ಇದ್ದವು. ಇದರ ಇನ್ನೊಂದು ಮುಖ 2021ರ ವಿದ್ಯಾಶ್ರೀ ಯೋಜನೆಯಲ್ಲಿ ಕಾಣುತ್ತದೆ. ಸರ್ಕಾರಿ ಚಿಟ್ಟಿ ಸಂಸ್ಥೆ ಕೆಎಸ್ಎಫ್ಇ ಮತ್ತು ಮಹಿಳಾ ಸ್ವಸಹಾಯ ಜಾಲ ಕುಡುಂಬಶ್ರೀ ಸೇರಿ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳನ್ನು ಕಂತಿನ ಮೇಲೆ ವಿದ್ಯಾರ್ಥಿಗಳಿಗೆ ಕೊಡಿಸಿದವು. ಉದ್ದೇಶ ದೊಡ್ಡದು. ಆದರೆ ವಿತರಣೆ ತಡವಾಯಿತು, ಬಂದವುಗಳಲ್ಲಿ ಕೆಲವು ಆನ್ ಆಗುವುದಿಲ್ಲವೆಂಬ ದೂರುಗಳೂ ಬಂದವು. ಅಗ್ಗದ ಯಂತ್ರ ಕೆಲಸ ನಿಲ್ಲಿಸಿದರೆ ಕಂತು ಕಟ್ಟುವವರಿಗೆ ಅದೇ ದುಬಾರಿ.

ಸಾವಿರಗಟ್ಟಲೆ ಕೊಳ್ಳುವ ಸರ್ಕಾರ ಕಂಪನಿಯನ್ನು ಬಗ್ಗಿಸಬಹುದು, ಒಂದೇ ಒಂದು ಕೊಳ್ಳುವವನ ಮಾತು ಯಾರು ಕೇಳುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ದಂಡದ ಷರತ್ತು ಒಬ್ಬ ಗಿರಾಕಿಗೆ ಸಿಗದು. ಆದರೆ ಥಿಂಕ್‌ಪ್ಯಾಡ್, ಎಲೀಟ್‌ಬುಕ್‌ನಂಥ ವ್ಯಾಪಾರಿ ಶ್ರೇಣಿಯ ಯಂತ್ರಗಳಿಗೆ ಕಚೇರಿಗೇ ಬಂದು ಸರಿಮಾಡುವ ಮೂರು ವರ್ಷದ ವಾರಂಟಿಯನ್ನು ಹಣ ಕೊಟ್ಟು ಪಡೆಯಬಹುದು. ಅವುಗಳನ್ನು ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಕಂಪನಿಗಳೇ ಜಾಲತಾಣದಲ್ಲಿ ಇಟ್ಟಿವೆ. ಒಂದು ಎಚ್ಚರ ಬೇಕು: ಚೆಲ್ಲಿದ ಚಹಾ, ತುಲಾಮಳೆಯ (ಹಿಂಗಾರಿನ) ಸಿಡಿಲಿಗೆ ಸುಟ್ಟ ಬೋರ್ಡ್ ಸಾಮಾನ್ಯ ವಾರಂಟಿಗೆ ಒಳಪಡುವುದಿಲ್ಲ. ಅದಕ್ಕೆ ಅಪಘಾತ ರಕ್ಷಣೆಯನ್ನು ಬೇರೆಯೇ ಕೇಳಿ ಪಡೆಯಬೇಕು.

ಏನಾದರೂ ಆದರೆ ಗ್ರಾಹಕ ಆಯೋಗ ಇದ್ದೇ ಇದೆ ಎಂದು ನಂಬಿ ಕೂರುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಸ್ವಂತ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಬಳಸಿದ ವಸ್ತುವಿಗೆ ವಿನಾಯಿತಿ ಇದೆ. ಹೀಗಾಗಿ ಒಬ್ಬರೇ ದುಡಿಯುವ ತೆರಿಗೆ ಸಲಹೆಗಾರರಿಗೆ ಬಾಗಿಲು ತೆರೆದಿರಬಹುದು. ಕಂಪನಿಯ ಹೆಸರಿನಲ್ಲಿ ಬಿಲ್ಲು ಮಾಡಿಸಿದ ಸ್ಟಾರ್ಟಪ್ ಮಾತ್ರ ತನ್ನದು ವಾಣಿಜ್ಯ ಖರೀದಿ ಎಂಬ ವಾದವನ್ನು ಎದುರಿಸಬೇಕಾದೀತು. ಆದ್ದರಿಂದಲೇ ಸೇವೆಯ ಷರತ್ತು ಮೊದಲೇ ಲಿಖಿತವಾಗಿರಬೇಕು.

ಎರ್ನಾಕುಳಂನ ಪೆಂಟಾ ಮೇನಕದಂಥ ಮಳಿಗೆ ಸಂಕೀರ್ಣಗಳಲ್ಲಿ ಕಡಿಮೆ ಖರ್ಚಿಗೆ ರಿಪೇರಿ ಆಗುವಾಗ ವಾರಂಟಿಗೆ ಹಣ ಏಕೆ ಸುರಿಯಬೇಕು ಎನ್ನುವವರಿದ್ದಾರೆ. ಅಂಥ ಅಂಗಡಿಗಳ ನುರಿತ ಕೈಗಳ ಬಗ್ಗೆ ಗೌರವ ಇರಲೇಬೇಕು. ವಾರಂಟಿ ಮುಗಿದ ಯಂತ್ರಕ್ಕೆ ಮರುಜೀವ ಕೊಡುವವರು ಅವರೇ. ಆದರೆ ದುಡಿಮೆಯ ಲ್ಯಾಪ್‌ಟಾಪ್‌ನಲ್ಲಿ ಗಿರಾಕಿಗಳ ಲೆಕ್ಕ, ಪ್ಯಾನ್ ವಿವರ, ಒಪ್ಪಂದಗಳಿರುತ್ತವೆ. ರಿಪೇರಿಗೆ ಕೊಡುವ ಮೊದಲು ಬ್ಯಾಕಪ್ ತೆಗೆದು, ಡಿಸ್ಕ್‌ಗೆ ಎನ್‌ಕ್ರಿಪ್ಷನ್ ಹಾಕಿ, ಅದರ ರಿಕವರಿ ಕೀಲಿಯನ್ನು ಬೇರೆಡೆ ಇಟ್ಟಿರಬೇಕು. ದೋಷ ಹುಡುಕುವುದರಲ್ಲೂ ಕ್ರಮವಿದೆ: ಮೊದಲು ಚಾರ್ಜರ್ ಮತ್ತು ಪ್ಲಗ್, ಆಮೇಲೆ ಪವರ್ ಗುಂಡಿಯನ್ನು ಹಲವು ಸೆಕೆಂಡ್ ಒತ್ತಿ ಹಿಡಿದು ಮರುಚಾಲನೆ, ನಂತರ ಹೊರಗಿನ ಮಾನಿಟರ್ ಜೋಡಿಸಿ ತಪ್ಪು ಪರದೆಯದೋ ಬೋರ್ಡಿನದೋ ಎಂಬ ಪರೀಕ್ಷೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಕೂಡಲೇ ಬಳಕೆ ನಿಲ್ಲಿಸಬೇಕು. ಕರಾವಳಿಯ ತೇವ ಮತ್ತು ಉಪ್ಪು ಗಾಳಿ ಕನೆಕ್ಟರುಗಳಿಗೆ ತುಕ್ಕು ಹಿಡಿಸುವುದರಿಂದ ವರ್ಷಕ್ಕೊಮ್ಮೆ ಒಳಗಿನ ಶುಚಿತ್ವ ಮಾಡಿಸುವುದೂ ಲಾಭವೇ.

ನಾಲ್ಕು ವರ್ಷಕ್ಕೆ ಹೇಗೂ ಹಳತಾಗುವ ಯಂತ್ರಕ್ಕೆ ಇಷ್ಟು ಉಪಚಾರವೇ ಎಂಬುದು ಕೊನೆಯ ಪ್ರಶ್ನೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು ನಿಜ. ಆದರೆ ಕೇರಳದ ಶಾಲೆಗಳು ಉಚಿತ ತಂತ್ರಾಂಶವಾದ ಕೈಟ್ ಗ್ನೂ ಲಿನಕ್ಸ್‌ನಲ್ಲಿ ವರ್ಷಗಳಿಂದ ಕೆಲಸ ನಡೆಸಿವೆ. ಪತ್ರ, ಲೆಕ್ಕದ ಹಾಳೆ, ಇಮೇಲ್‌ನಲ್ಲೇ ಮುಗಿಯುವ ಕಚೇರಿಗೂ ಲಿನಕ್ಸ್ ಸಾಕು. ವಿಂಡೋಸ್ ತಂತ್ರಾಂಶವೇ ಬೇಕಾದವರು ಹೊಸದನ್ನು ಕೊಳ್ಳಲಿ, ಆದರೆ ಬ್ಯಾಟರಿ, ರ‍್ಯಾಮ್, ಡಿಸ್ಕ್ ಬದಲಿಸಲು ಬರುವಂಥದ್ದನ್ನೇ ಆರಿಸಲಿ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಊರಿನಲ್ಲೇ ಸರ್ವಿಸ್ ಸೆಂಟರ್ ಇದೆಯೇ, ವಾರಂಟಿಯಲ್ಲಿ ಏನೇನು ಸೇರಿದೆ ಎಂದು ಕೇಳಿದಾಗ ಅಂಗಡಿಯವರು ಲಿಖಿತ ಉತ್ತರ ಕೊಡದಿದ್ದರೆ, ರಿಯಾಯಿತಿ ಎಷ್ಟೇ ಇರಲಿ, ಆ ಲ್ಯಾಪ್‌ಟಾಪ್ ದುಡಿಮೆಗೆ ತಕ್ಕದ್ದಲ್ಲ.